ಓದುಗರ ಪ್ರಶ್ನೆ: ಅಮೆರಿಕದ ಇಂಗ್ಲಿಷ್ ಕ್ಲಾಸಲ್ಲಿ ಗ್ರಾಮರ್ ಎಲ್ಲಿ ಹೋಯ್ತು?

ಪ್ರಶ್ನೆ: ಮಗಳು ಇಲ್ಲಿ 11ನೇ ಗ್ರೇಡು. ಇಡೀ ವರ್ಷ ಇಂಗ್ಲಿಷ್ ಕ್ಲಾಸಲ್ಲಿ ಅಮೆರಿಕನ್ ಲಿಟರೇಚರ್ ಓದಿಸ್ತಾರೆ, ಭಾಷಣ, ನಾಟಕ, ಕಾದಂಬರಿ ಎಲ್ಲಾ ಇದೆ, ಗ್ರಾಮರ್ ಪುಸ್ತಕ ಮಾತ್ರ ಒಂದೂ ಇಲ್ಲ. ನಾವು ಹಾಸನದಲ್ಲಿ ಓದುವಾಗ ರೆನ್ ಅಂಡ್ ಮಾರ್ಟಿನ್ ಇಟ್ಕೊಂಡು ವಾಯ್ಸ್ ಚೇಂಜು, ರಿಪೋರ್ಟೆಡ್ ಸ್ಪೀಚು ಅಂತ ಮಾಡಿದ್ದೇ ಮಾಡಿದ್ದು. ಮನೇಲಿ ಅದನ್ನೇ ಕೊಟ್ಟು ಮಾಡಿಸ್ಲಾ?
- ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಪುಸ್ತಕ ಮನೇಲಿರ್ಲಿ, ಡೌಟು ಬಂದಾಗ ತೆಗೆದು ನೋಡೋಕೆ ಬೇಕಾಗತ್ತೆ. ಆದ್ರೆ ದಿನಾ ಇಪ್ಪತ್ತು ವಾಕ್ಯ ಆಕ್ಟಿವ್‌ನಿಂದ ಪ್ಯಾಸಿವ್‌ಗೆ ತಿರುಗ್ಸು ಅಂತ ಕೂರಿಸ್ಬೇಡಿ. ಅದು ಬೇಡ ಅಂತ ಅಲ್ಲಿನ ಶಾಲೆಗಳು ಸುಮ್ನೆ ಬಿಟ್ಟಿದ್ದಲ್ಲ. 1963ರಲ್ಲಿ ಅಮೆರಿಕದ ಇಂಗ್ಲಿಷ್ ಮೇಷ್ಟ್ರುಗಳ ರಾಷ್ಟ್ರೀಯ ಸಂಸ್ಥೆ ಒಂದು ವರದಿ ತಂತು, ಗ್ರಾಮರನ್ನ ಬೇರೆಯಾಗಿ ಪಾಠ ಮಾಡೋದ್ರಿಂದ ಮಕ್ಕಳ ಬರವಣಿಗೆಗೆ ಆಗೋ ಉಪಯೋಗ ಲೆಕ್ಕಕ್ಕೇ ಇಲ್ಲದಷ್ಟು, ಬರೆಯೋ ಟೈಮನ್ನ ಅದು ತಿನ್ನೋದ್ರಿಂದ ಹಾನಿನೂ ಆಗಬಹುದು ಅಂತ. ಆಮೇಲೆ 2007ರಲ್ಲಿ ಸ್ಟೀವ್ ಗ್ರಹಾಂ, ಡೊಲೊರೆಸ್ ಪೆರಿನ್ ಅನ್ನೋರು 4ರಿಂದ 12ನೇ ಗ್ರೇಡ್‌ವರೆಗಿನ ಸಂಶೋಧನೆ ಎಲ್ಲಾ ಒಟ್ಟಿಗೆ ಇಟ್ಟು ನೋಡಿದಾಗ್ಲೂ ಹೆಚ್ಚುಕಮ್ಮಿ ಅದೇ ಕಂಡಿದ್ದು. ಬಿಡಿ ಗ್ರಾಮರ್ ಪಾಠದಿಂದ ಪ್ರಯೋಜನ ಕಾಣ್ಲಿಲ್ಲ, ಆದ್ರೆ ಚಿಕ್ಕ ಚಿಕ್ಕ ವಾಕ್ಯಗಳನ್ನ ಕೂಡಿಸಿ ದೊಡ್ಡ ವಾಕ್ಯ ಕಟ್ಟೋ ಅಭ್ಯಾಸದಿಂದ ಬರವಣಿಗೆ ಸುಧಾರಿಸ್ತು.

ತೊಂದ್ರೆ ಏನಾಯ್ತು ಅಂದ್ರೆ, ಇದನ್ನ ಓದಿ ಎಷ್ಟೋ ಕಡೆ ಗ್ರಾಮರನ್ನೇ ಕೈಬಿಟ್ರು. ನನಗೆ ಅದು ಖಂಡಿತ ಒಪ್ಪಿಗೆ ಇಲ್ಲ. ಬಿಡ್ಬೇಕಾಗಿದ್ದು ವರ್ಕ್‌ಶೀಟನ್ನ, ಗ್ರಾಮರನ್ನಲ್ಲ. ಅದು ಓದ್ತಿರೋ ಪಾಠದ ಒಳಗೇ ಇದೆಯಲ್ಲ.

ನಿಮ್ಮ ಮಗಳು ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆ ಓದಿರ್ತಾಳೆ. ಅದರ ಮಧ್ಯದಲ್ಲಿ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆ ಮೇಲೆ ದೊಡ್ಡ ದೂರಿನ ಪಟ್ಟಿ ಇದೆ, ಸಾಲು ಸಾಲಾಗಿ 'ಹಿ ಹ್ಯಾಸ್', 'ಹಿ ಹ್ಯಾಸ್' ಅಂತಾನೇ ಶುರು. ಇಲ್ಲಿ ಬರೀ ಪಾಸ್ಟ್ ಟೆನ್ಸ್ ಯಾಕೆ ಹಾಕ್ಲಿಲ್ಲ ಅಂತ ಕೇಳಿ ಅವಳನ್ನ. ಕನ್ನಡದಲ್ಲೇ ಹೇಳ್ನೋಡ್ಲಿ, 'ಒಪ್ಪಿಗೆ ತಡೆದ' ಅಂದ್ರೆ ಮುಗಿದ ಕಥೆ, 'ತಡೆದಿದ್ದಾನೆ' ಅಂದ್ರೆ ಆ ಏಟು ಇವತ್ತೂ ನಮ್ಮ ಮೇಲಿದೆ. ಈ ಪ್ರಶ್ನೆ ಕೇಳಿದ್ಮೇಲೆ ಪ್ರೆಸೆಂಟ್ ಪರ್ಫೆಕ್ಟ್ ಅನ್ನೋದು ಮಗುಗೆ ಬಾಯಿಪಾಠದ ರೂಲ್ ಆಗಿ ಉಳಿಯಲ್ಲ, ಇಷ್ಟು ಜನ ಯಾಕೆ ಸಿಟ್ಟಾಗಿದ್ರು ಅನ್ನೋದೂ ಜೊತೆಗೇ ಅರ್ಥ ಆಗತ್ತೆ.

ಇನ್ನೊಂದು, ಇದು ನನಗೆ ತುಂಬಾ ಇಷ್ಟದ್ದು. ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿಂದ ಬರೆದ ಪತ್ರ (ಆ ವರದಿ ಬಂದ ವರ್ಷವೇ!). ಅದರಲ್ಲಿ 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ ಇದೆ. 'ನೀವು ಇದನ್ನ ಕಂಡಾಗ', 'ನಿಮ್ಮ ಮಗಳಿಗೆ ಇದನ್ನ ವಿವರಿಸೋಕೆ ಆಗದೇ ಇದ್ದಾಗ' ಅಂತ ಉಪವಾಕ್ಯದ ಮೇಲೆ ಉಪವಾಕ್ಯ, ನಡುವೆ ಸೆಮಿಕೋಲನ್, ಮುಖ್ಯ ವಾಕ್ಯ ಮಾತ್ರ ಕಟ್ಟಕಡೆಗೆ: ಆಗ ನಿಮಗೆ ಗೊತ್ತಾಗತ್ತೆ, ಕಾಯೋದು ನಮಗೆ ಯಾಕೆ ಕಷ್ಟ ಅಂತ. ಕಪ್ಪು ಜನರ ಸಮಾನ ಹಕ್ಕಿನ ಹೋರಾಟಕ್ಕೆ ಇನ್ನೂ ಸ್ವಲ್ಪ ಕಾಯ್ರಿ ಅಂದಿದ್ದ ಪಾದ್ರಿಗಳಿಗೆ ಕೊಟ್ಟ ಉತ್ತರ ಅದು, ಹಾಗಾಗಿ ಓದೋರನ್ನೂ ಆ ವಾಕ್ಯ ಅಷ್ಟು ಹೊತ್ತು ಕಾಯಿಸತ್ತೆ. ಸಬಾರ್ಡಿನೇಟ್ ಕ್ಲಾಜ್ (ಉಪವಾಕ್ಯ) ಅಂದ್ರೇನು ಅಂತ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಆದ್ರೆ ಮೊದಲು ಪತ್ರ ಪೂರ್ತಿ ಜೋರಾಗಿ ಓದ್ಲಿ, ಮನಸ್ಸಿಗೆ ತಟ್ಟಲಿ, ವಾಕ್ಯ ಬಿಡಿಸೋದು ಮಾರನೇ ದಿನ. ಓದೋಕೆ ಮುಂಚೆನೇ ಪೆನ್ಸಿಲ್ ಹಿಡಿದು ನೌನು ವರ್ಬು ಹುಡುಕೋಕೆ ಕೂತ್ರೆ ಪತ್ರನೂ ಹೋಯ್ತು ಗ್ರಾಮರೂ ಹೋಯ್ತು.

ಪ್ರಶ್ನೆ: ಮಗನಿಗೆ ಹಕಲ್‌ಬರಿ ಫಿನ್ ಪಾಠಕ್ಕಿದೆ. ಪುಸ್ತಕದ ತುಂಬಾ 'ಏಂಟ್' (ain't), ಡಬಲ್ ನೆಗೆಟಿವ್. ತಪ್ಪು ಇಂಗ್ಲಿಷ್ ಓದಿಸಿ ಸರಿ ಇಂಗ್ಲಿಷ್ ಹೇಗೆ ಕಲಿಸ್ತಾರೆ?
- ಓದುಗರು, ಟೆಕ್ಸಾಸ್

ಉತ್ತರ: ಅದು ತಪ್ಪು ಇಂಗ್ಲಿಷ್ ಅಲ್ಲ, ಬೇರೆ ಇಂಗ್ಲಿಷು. ಧಾರವಾಡದ ಮಾತಲ್ಲೋ ಕುಂದಾಪುರದ ಮಾತಲ್ಲೋ ಬರೆದ ಕಥೆ ಓದಿದವ್ರಿಗೆ ಇದನ್ನ ಜಾಸ್ತಿ ವಿವರಿಸ್ಬೇಕಿಲ್ಲ. ಆ ಪುಸ್ತಕದ ಶುರುವಲ್ಲೇ ಮಾರ್ಕ್ ಟ್ವೇನ್ ಒಂದು ಸಣ್ಣ ಟಿಪ್ಪಣಿ ಹಾಕಿದ್ದಾನೆ, ಬೇರೆಬೇರೆ ಆಡುಮಾತು ಬಳಸಿದ್ದೀನಿ, ಅದೂ ಕುರುಡು ಅಂದಾಜಲ್ಲಿ ಅಲ್ಲ, ಕಷ್ಟಪಟ್ಟು, ಆ ಮಾತುಗಳ ಖುದ್ದು ಪರಿಚಯದಿಂದ ಅಂತ. ಮಗನಿಗೆ ಮೊದಲು ಆ ಟಿಪ್ಪಣಿ ಓದಿಸಿ.

ಆಮೇಲೆ ಒಂದು ಕೆಲಸ ಕೊಡಿ, ಕಥೆ ಹೇಳೋ ಹುಡುಗ ಹಕ್ ಮಾತಾಡೋ ಒಂದು ಪ್ಯಾರಾನ ಸ್ಕೂಲ್ ಇಂಗ್ಲಿಷಿಗೆ ತಿರುಗಿಸ್ಲಿ. ವರ್ಬ್ ಅಗ್ರಿಮೆಂಟು, ನೆಗೆಟಿವ್ ಎಲ್ಲಾ ತಾನೇ ಸರಿ ಮಾಡ್ತಾನೆ, ಅಂದ್ರೆ ರೂಲು ಅವನಿಗೆ ಗೊತ್ತಿರ್ಲೇಬೇಕು. ಮಾಡಿ ಮುಗಿಸಿದ್ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಕಳ್ಕೊಂಡ್ವಿ ಅಂತ ಕೇಳಿ. ಹುಡುಗನೇ ಮಾಯ ಆಗಿರ್ತಾನೆ, ಯಾವನೋ ಗುಮಾಸ್ತ ಬರೆದ ಹಾಗಿರತ್ತೆ.

ಮುಂದೆ ಜೋರಾ ನೀಲ್ ಹರ್ಸ್ಟನ್ ಅವರ 1937ರ ಕಾದಂಬರಿ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಸಿಕ್ಕಿದ್ರೆ ಇನ್ನೂ ಒಳ್ಳೇದು. ಆಕೆ ಆಂಥ್ರೊಪಾಲಜಿ ಓದಿ, ದಕ್ಷಿಣದ ಕಪ್ಪು ಜನರ ಕಥೆ-ಹಾಡುಗಳನ್ನ ಊರೂರು ತಿರುಗಿ ಸಂಗ್ರಹ ಮಾಡಿದವರು. ಕಾದಂಬರಿಯಲ್ಲಿ ಮಾತುಕತೆ ಆ ಜನರ ಆಡುಮಾತಲ್ಲಿ, ನಿರೂಪಣೆ ಬಹುಪಾಲು ಸಾಹಿತ್ಯದ ಇಂಗ್ಲಿಷಲ್ಲಿ, ಒಂದೇ ಪುಟದಲ್ಲಿ ಎರಡೂ. ಕಪ್ಪು ಅಮೆರಿಕನ್ನರ ಇಂಗ್ಲಿಷಿಗೆ ಅದರದ್ದೇ ಕಟ್ಟುನಿಟ್ಟಾದ ವ್ಯಾಕರಣ ಇದೆ ಅಂತ ಭಾಷಾವಿಜ್ಞಾನಿಗಳು ತೋರಿಸಿ ದಶಕಗಳೇ ಆಗಿವೆ. ಕ್ಲಾಸಲ್ಲಿ ಆ ಮಾತು ಮನೆಯಲ್ಲಿ ಆಡೋ ಮಕ್ಕಳೂ ಕೂತಿರ್ತಾರೆ, ಅವರ ಅಜ್ಜಿ ಮಾತನ್ನ 'ತಪ್ಪು' ಅಂತ ಬೋರ್ಡ್ ಮೇಲೆ ಬರೆಯೋ ಹಕ್ಕು ಯಾವ ಮೇಷ್ಟ್ರಿಗೂ ಇಲ್ಲ.

ಪ್ರಶ್ನೆ: ಇದೆಲ್ಲಾ ಚೆನ್ನಾಗಿದೆ, ಕಾಲೇಜು ಸೇರೋಕೆ ಬರೆಯೋ ಎಸ್‌ಎಟಿ ಪರೀಕ್ಷೆಗೆ ಏನು ಮಾಡೋದು?
- ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ನ್ಯಾಯವಾದ ಪ್ರಶ್ನೆ. ಈಗಿನ ಡಿಜಿಟಲ್ ಎಸ್‌ಎಟಿಯಲ್ಲಿ ರೀಡಿಂಗ್ ಅಂಡ್ ರೈಟಿಂಗ್ ಭಾಗಕ್ಕೆ 54 ಪ್ರಶ್ನೆ, ಅದರಲ್ಲಿ ಸುಮಾರು ಕಾಲು ಭಾಗ ಗ್ರಾಮರ್ ಮತ್ತು ಪಂಕ್ಚುಯೇಷನ್. ವಾಕ್ಯ ಎಲ್ಲಿ ಮುಗಿಯತ್ತೆ, ಕಾಮಾನಾ ಸೆಮಿಕೋಲನ್ನಾ, ವರ್ಬು ಸಬ್ಜೆಕ್ಟಿಗೆ ಹೊಂದತ್ತಾ, ಇಂಥವು. ಪರೀಕ್ಷೆಗೆ ಮುಂಚೆ ಕೆಲವು ವಾರ ಪ್ರಾಕ್ಟೀಸ್ ಪೇಪರ್ ಮಾಡ್ಲಿ, ತಪ್ಪೇನಿಲ್ಲ. ಕಿಂಗ್ ಪತ್ರದಲ್ಲಿ ಸೆಮಿಕೋಲನ್ ಬಿಡಿಸಿ ನೋಡಿದ ಮಗುಗೆ ಅಲ್ಲಿ ಹೊಸದು ಹೆಚ್ಚೇನೂ ಇರಲ್ಲ.

ಪ್ರಶ್ನೆ: ಮಗ 9ನೇ ಕ್ಲಾಸ್‌ವರೆಗೆ ಮೈಸೂರಲ್ಲಿ ಓದಿ ಇಲ್ಲಿಗೆ ಬಂದ. ಗ್ರಾಮರಲ್ಲಿ ಅಲ್ಲಿ ಒಳ್ಳೆ ಮಾರ್ಕ್ಸ್ ಇತ್ತು. ಈಗ ಪ್ರತಿ ಎಸ್ಸೇ ಮೇಲೂ 'ಕಾಮಾ ಸ್ಪ್ಲೈಸ್', 'ಡ್ಯಾಂಗ್ಲಿಂಗ್' ಅಂತ ಬರ್ಕೊಂಡು ಬರತ್ತೆ. ಯಾಕೆ ಹೀಗೆ?
- ಒಬ್ಬ ತಂದೆ, ಇಲಿನಾಯ್

ಉತ್ತರ: ಅವನು ದಡ್ಡ ಆಗಿಲ್ಲ, ಕನ್ನಡದ ವಾಕ್ಯ ಕಟ್ಟೋ ರೀತಿ ಅವನ ತಲೇಲಿ ಗಟ್ಟಿಯಾಗಿರಬಹುದು. ನಾವು 'ಎದ್ದು, ತಿಂಡಿ ತಿಂದು, ಬಸ್ ಹತ್ತಿ ಹೋದ' ಅಂತೀವಿ. ಕೊನೇ ಕ್ರಿಯಾಪದ ಒಂದೇ ಪೂರ್ಣ, ಮಿಕ್ಕಿದ್ದೆಲ್ಲ ಅದನ್ನ ಕಾಯ್ತಾ ನಿಂತಿರತ್ತೆ, ಅದಕ್ಕೇ ಕಾಮಾ ಸಾಕು. ಇಂಗ್ಲಿಷಲ್ಲಿ ಒಂದೊಂದನ್ನೂ ಪೂರ್ಣ ವಾಕ್ಯ ಮಾಡಿ ನಡುವೆ ಬರೀ ಕಾಮಾ ಹಾಕಿದ್ರೆ ಅದನ್ನೇ 'ಕಾಮಾ ಸ್ಪ್ಲೈಸ್' ಅನ್ನೋದು.

ಹೆಮಿಂಗ್ವೇಯ 1929ರ ಯುದ್ಧದ ಕಾದಂಬರಿ 'ಎ ಫೇರ್‌ವೆಲ್ ಟು ಆರ್ಮ್ಸ್'ನ ಮೊದಲ ಪುಟ ಅವನ ಕೈಗೆ ಕೊಡಿ, ಎಷ್ಟು ವಿಷಯಗಳನ್ನ ಬರೀ 'ಅಂಡ್' ಹಾಕಿ ಪೋಣಿಸಿದ್ದಾನೆ ನೋಡ್ಲಿ, ಧೂಳು, ಎಲೆ, ಸೈನಿಕರು, ಎಲ್ಲಾ ಒಂದೇ ನಡಿಗೆಯಲ್ಲಿ ಸಾಗ್ತವೆ. ಅದರಿಂದ ಒಂದು ವಾಕ್ಯ ತಗೊಂಡು ನಾಲ್ಕು ತುಂಡು ಮಾಡಿ, ಮತ್ತೆ ಮೂರು ಥರ ಕೂಡಿಸೋಕೆ ಹೇಳಿ: 'ಅಂಡ್' ಹಾಕಿ, ಸೆಮಿಕೋಲನ್ ಹಾಕಿ, ಕ್ರಿಯಾಪದಕ್ಕೆ 'ಇಂಗ್' ಸೇರಿಸಿ.

ಈ ಕೊನೇದ್ರಲ್ಲೇ ಡ್ಯಾಂಗ್ಲಿಂಗ್ ಹುಟ್ಟೋದು. ಕನ್ನಡದಲ್ಲಿ 'ಮಳೆ ಬಂದು ಬೆಳೆ ಹಾಳಾಯ್ತು' ಅಂತ ಆರಾಮಾಗಿ ಹೇಳ್ತೀವಿ, ಬಂದಿದ್ದು ಮಳೆ, ಹಾಳಾಗಿದ್ದು ಬೆಳೆ, ಕರ್ತೃ ಎರಡು. ಇಂಗ್ಲಿಷಲ್ಲಿ 'ಇಂಗ್' ಇಂದ ವಾಕ್ಯ ಶುರು ಮಾಡಿದ್ರೆ ಆ ಕೆಲಸ ಮಾಡಿದವ್ರೇ ಕಾಮಾ ಆದ ತಕ್ಷಣ ಬರಬೇಕು, ಬೇರೆಯವ್ರು ಬಂದ್ರೆ ಅದೇ ಡ್ಯಾಂಗ್ಲಿಂಗ್. ಎಸ್ಸೇ ಕೊಡೋಕೆ ಮುಂಚೆ 'ಇಂಗ್' ಇಂದ ಶುರುವಾಗೋ ವಾಕ್ಯಗಳಿಗೆ ಮಾತ್ರ ಗೆರೆ ಎಳ್ಕೊಂಡು, ಇದನ್ನ ಮಾಡಿದ್ಯಾರು, ಕಾಮಾ ಆದ್ಮೇಲೆ ಅವರೇ ಇದಾರಾ ಅಂತ ನೋಡ್ಲಿ. ಮಿಕ್ಕ ತಪ್ಪುಗಳನ್ನ ಸದ್ಯಕ್ಕೆ ಬಿಡಿ, ಇದು ಕೈಗೆ ಹತ್ತಿದ್ಮೇಲೆ ಇನ್ನೊಂದು ಹಿಡಿಯೋಣ.