ಮೊದಲ ಮಳೆ ವಾಸನೆಗೆ ಕಲ್ಲಿನ ಹೆಸರು ಎಂತಕ್ಕೆ?

ಪ್ರಶ್ನೆ: ಮೊನ್ನೆ ಮಳೆ ಬಿದ್ದದ್ದೇ ತಡ, ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂತು, ಮೊದಲ ಮಳೆ ವಾಸನೆಗೆ ಇಂಗ್ಲಿಷಲ್ಲಿ ಪೆಟ್ರಿಕೋರ್ ಅಂತಾರೆ, ಹಾಗಂದ್ರೆ ಗ್ರೀಕ್ ಭಾಷೆಯಲ್ಲಿ ಮಣ್ಣಿನ ಪರಿಮಳ ಅಂತ. ಪಿಯುಸಿ ಓದುವ ಮಗಳು ಮಾತ್ರ "ಅಲ್ಲಪ್ಪ, ಅದಕ್ಕೂ ಪೆಟ್ರೋಲಿಗೂ ಎಂತದೋ ಸಂಬಂಧ ಉಂಟು" ಅಂತ ಹಟ ಹಿಡಿದಿದ್ದಾಳೆ. ಯಾರು ಹೇಳೋದು ಸರಿ?
(ಓದುಗರು, ಕಾಪು)

ಉತ್ತರ: ಮಗಳೇ ಸರಿ ಮಾರಾಯ್ರೆ. ಆ ಪದದಲ್ಲಿ ಮಣ್ಣೂ ಇಲ್ಲ, ಪರಿಮಳವೂ ಇಲ್ಲ. ಪೆಟ್ರಾ ಅಂದ್ರೆ ಬಂಡೆ. ಪೆಟ್ರೋಲಿಯಂ ಅಂದ್ರೂ ಕಲ್ಲೆಣ್ಣೆಯೇ, ಬೈಬಲಿನ ಪೀಟರ್ ಹೆಸರೂ ಅದೇ ಬೇರಿಂದ ಬಂದದ್ದು, ಹಾಗೆ ನೋಡಿದ್ರೆ ನಮ್ಮ ಕೊಂಕಣಿ ಮನೆಗಳ ಪೆದ್ರು ಕೂಡ ಕಲ್ಲೇ! ಇನ್ನು ಇಕೋರ್ ಅಂದ್ರೆ ಗ್ರೀಕ್ ದೇವತೆಗಳ ಮೈಯಲ್ಲಿ ರಕ್ತದ ಬದಲಿಗೆ ಹರಿಯೋದು. ಹೋಮರನ ಇಲಿಯಡ್‌ನಲ್ಲಿ ಡಯೊಮಿಡೀಸ್ ಅಂತ ಒಬ್ಬ ವೀರ ಆಫ್ರೊಡೈಟಿ ದೇವಿಯ ಕೈಗೇ ಈಟಿ ತಾಗಿಸ್ತಾನೆ, ಆಗ ಸೋರಿದ್ದು ಇದು, ದೇವತೆಗಳು ರೊಟ್ಟಿ ತಿನ್ನೋದಿಲ್ಲ, ದ್ರಾಕ್ಷಾರಸ ಕುಡಿಯೋದಿಲ್ಲ, ಅದಕ್ಕೇ ಅವರಿಗೆ ರಕ್ತ ಇಲ್ಲ ಅಂತ ಕಾರಣವೂ ಅಲ್ಲೇ ಉಂಟು.

ಆದ್ರೆ ಹೋಮರನ ಕಾಲದವ್ರು ಯಾರೂ ಪೆಟ್ರಿಕೋರ್ ಅಂದವರಲ್ಲ. ಬೇರು ಹಳತು, ಪದ 1964ರದ್ದು. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್, ರಿಚರ್ಡ್ ಥಾಮಸ್ ಅಂತ ಇಬ್ಬರು ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಇದನ್ನು ಟಂಕಿಸಿದ್ದು. ಒಣ ಕಲ್ಲು, ಜೇಡಿಮಣ್ಣನ್ನು ಹಬೆಯಲ್ಲಿ ಭಟ್ಟಿ ಇಳಿಸಿದಾಗ ಹಳದಿ ಬಣ್ಣದ ಎಣ್ಣೆ ಸಿಕ್ತು, ಗಿಡಮರದ ಎಣ್ಣೆ ಅಂಶ ಬೇಸಿಗೆಯಲ್ಲಿ ಕಲ್ಲಿಗೆ ಹಿಡಿದು ಕೂತು ತೇವ ತಾಗಿದ ಕೂಡ್ಲೇ ಏಳ್ತದೆ, ಹಾಗಾಗಿ ಕಲ್ಲಿನ ದಿವ್ಯರಸ ಅಂತ ಹೆಸರಿಟ್ರು. ಲ್ಯಾಬಲ್ಲಿ ಕೂತವ್ರಿಗೆ ಇಷ್ಟು ಒಳ್ಳೆ ಕವಿಮನಸ್ಸು ಹೇಗೆ ಬಂತೋ! ನಮ್ಮಲ್ಲಿ ಮೇ ಕೊನೆಗೆ, ಪತ್ತನಾಜೆ ಹೊತ್ತಿಗೆ ಮುರಕಲ್ಲಿನ ಕಾಂಪೌಂಡ್ ಗೋಡೆ ಕಾದ ಕಾವಲಿ ಹಾಗೆ ಇರ್ತದೆ ಅಲ್ವಾ, ಮೊದಲ ನಾಲ್ಕು ಹನಿ ಬಿದ್ದದ್ದು ಅದರ ತೂತಿಗೆ ಇಂಗಿ ಕಾಣೆಯೇ ಆಗ್ತದೆ, ಆಗ ಒಮ್ಮೆ ಮೂಗು ಹತ್ತಿರ ಇಟ್ಟು ನೋಡಿ, ಹೆಸರು ಸುಮ್ನೆ ಇಟ್ಟದ್ದಲ್ಲ ಅಂತ ಗೊತ್ತಾಗ್ತದೆ.

ನಿಮ್ಮ ಗ್ರೂಪಿನವರು ಹೇಳಿದ ಅರ್ಥಕ್ಕೆ ಬೇರೆಯೇ ಪದ ಉಂಟು, ಜಿಯೋಸ್ಮಿನ್. ಜಿಯಾಗ್ರಫಿಯ ಜಿಯೋ ಅಂದ್ರೆ ಭೂಮಿ, ಓಸ್ಮೆ ಅಂದ್ರೆ ವಾಸನೆ, ಕೊರೊನಾ ಟೈಮಲ್ಲಿ ಕೇಳಿದ ಅನೋಸ್ಮಿಯಾ, ಅಂದ್ರೆ ವಾಸನೆಯೇ ಗೊತ್ತಾಗದ್ದು, ಅದರಲ್ಲೂ ಇದೇ ಓಸ್ಮೆ. ಮಣ್ಣಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಮಾಡುವ ವಸ್ತು ಇದು, ಲಕ್ಷ ಕೋಟಿಯಲ್ಲಿ ನಾಲ್ಕೈದು ಪಾಲಿದ್ರೂ ನಮ್ಮ ಮೂಗಿಗೆ ಹೊಡೀತದೆ. ಬೀಟ್ರೂಟ್ ಮಣ್ಣು ಮಣ್ಣು ಅಂತ ಮಕ್ಕಳು ತಟ್ಟೆ ಬದಿಗೆ ತಳ್ಳೋದೂ ಇದೇ ಜಿಯೋಸ್ಮಿನ್ ದೆಸೆಯಿಂದ, ಅವ್ರನ್ನು ಬೈಬೇಡಿ.

ಹಾಂ, ಒಂದು ಮಾತು, ಓದುವಾಗ ಪೆಟ್ರಿಕೋರ್ ಅಂತಲೇ ಓದಿ. ಸ್ಪೆಲ್ಲಿಂಗಲ್ಲಿ (petrichor) ch ನೋಡಿ ಕೆಲವರು ಪೆಟ್ರಿಚೋರ್ ಅಂತಾರೆ, ಬಂಕಿನಲ್ಲಿ ಪೆಟ್ರೋಲ್ ಕದ್ದವನ ಹಾಗೆ ಕೇಳ್ತದೆ.