ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

“ಪ್ರೀತಿಯಿಂದ ಅಂದ ಮಾತು ಅದು.” ಸೊಸೆಯ ಬಣ್ಣದ ಬಗ್ಗೆಯೋ ಬಾಡಿಗೆದಾರರ ಊಟದ ಬಗ್ಗೆಯೋ ಪಕ್ಕದ ಮನೆಯವರ ಮುಖದ ಬಗ್ಗೆಯೋ ಏನೋ ಒಂದು ಅಂದು, ಅನ್ನಿಸಿಕೊಂಡವರು ಮಾತು ಬಿಟ್ಟ ಮೇಲೆ ಸಲಹೆಗೆಂದು ನನ್ನ ಬಳಿ ಬರುವವರು ಮೊದಲು ಹೇಳುವುದು ಇದನ್ನೇ. ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ನನ್ನ ಸಲಹೆ ಕಟುವಾಯಿತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದೂ ಬರೆಯಲು ಒಂದು ಕಾರಣ.

ಬಂದವರು ನಿವೃತ್ತ ಶಿಕ್ಷಕಿ. ಕಲಬುರಗಿಯಲ್ಲಿ ಸ್ವಂತ ಮನೆ. ಮೇಲಂತಸ್ತಿನಲ್ಲಿ ಬಾಡಿಗೆಗೆ ಈಶಾನ್ಯ ರಾಜ್ಯವೊಂದರ ದಂಪತಿ, ಎರಡನೇ ತರಗತಿಯ ಮಗಳು. ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದ ಮೇಲೆ, ಊರಿನಲ್ಲಿ ಆಸ್ಪತ್ರೆಗಳು ಹೆಚ್ಚಿದ ಮೇಲೆ ಇಂಥ ನೆರೆಹೊರೆ ನಮಗೆ ಅಪರೂಪವೇನಲ್ಲ. ಟೀಚರ್ ದಿನವೂ ಸಂಜೆ ಮಗುವಿಗೆ ಬಿಡಿಗಾಸು ತೆಗೆದುಕೊಳ್ಳದೆ ಕನ್ನಡ ಹೇಳಿಕೊಡುತ್ತಿದ್ದರು. ಕರೆಯುತ್ತಿದ್ದುದು, ಅವಳ ಮುಖಚಹರೆ ನೋಡಿ, ‘ಚೀನಿ’ ಎಂದು. ಎಂಟು ತಿಂಗಳಾದ ಮೇಲೆ ತಾಯಿ ಬಂದು, “ಇನ್ನು ಪಾಠ ಬೇಡ ಟೀಚರ್” ಎಂದರು. ಕಾರಣ ಹೇಳಲಿಲ್ಲ. ಟೀಚರ್ ಶೇಂಗಾ ಹೋಳಿಗೆ ಮಾಡಿಕೊಂಡು ಮೆಟ್ಟಿಲು ಹತ್ತಿದರು. ಮರುದಿನ ಡಬ್ಬಿ ತೊಳೆದು ವಾಪಸು ಬಂತು, ಒಂದು ಚಿಟಿಕೆ ಸಕ್ಕರೆಯೂ ಇಲ್ಲದೆ. ಆ ಖಾಲಿ ಡಬ್ಬಿ ಅವರ ನಿದ್ದೆ ಕೆಡಿಸಿತ್ತು.

“ನಾನು ಬಂದೇ ನವಾಜರ ದರ್ಗಾಕ್ಕೂ ಹೋಗುವವಳು, ಶರಣಬಸವೇಶ್ವರರ ಗುಡಿಗೂ ಹೋಗುವವಳು. ನನ್ನ ಬಾಯಲ್ಲಿ ಭೇದ ಬರುತ್ತದೆಯೇ?” ಎಂದು ಕೇಳಿದರು.

ನಾನು ಜಾಣತನ ಮಾಡಲು ಹೋದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮೂರಿನಲ್ಲಿ. ಆಗ ಕಲಬುರಗಿಯವರೆಂದರೆ ಹೊರಗಿನವರು ಹೇಗೆ ನೋಡಿದರು, ನೆನಪಿದೆಯೇ ಎಂದೆ. ಅವರು ಸಲೀಸಾಗಿ ಕೊಡವಿಕೊಂಡರು: “ಅದು ರೋಗದ ಹೆದರಿಕೆ. ಇದು ಅಕ್ಕರೆ. ಎತ್ತಣಿಂದೆತ್ತ?” ಹೋಲಿಕೆ ಕೊಟ್ಟು ಕಣ್ಣು ತೆರೆಸುತ್ತೇನೆಂಬ ನಮ್ಮ ವೃತ್ತಿಯ ಹುಮ್ಮಸ್ಸು ಅನೇಕ ಸಲ ಹೀಗೇ ಮುಗ್ಗರಿಸುತ್ತದೆ.

ಮೂರನೇ ಭೇಟಿಗೆ ಅವರು ಸಾಕ್ಷಿ ತಂದರು: ಮಗು ಬಿಟ್ಟುಹೋದ ಕಾಪಿ ಬರೆಯುವ ನೋಟ್‌ಬುಕ್. ಲೇಬಲ್ಲಿನ ಮೇಲೆ ದುಂಡಾದ ಅಕ್ಷರದಲ್ಲಿ ‘ಚೀನಿ’. “ನೋಡಿ, ತಾನೇ ಬರೆದುಕೊಂಡಿದ್ದಾಳೆ. ಬೇಸರವಿದ್ದರೆ ಬರೆಯುತ್ತಿದ್ದಳೇ?” ಎಂದರು. ದೀರ್ಘವನ್ನು ಎಷ್ಟು ಚೆಂದ ಎಳೆದಿದ್ದಾಳೆಂದು ಬೆರಳಿಟ್ಟು ತೋರಿಸಿದರು. ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ವಾಲಿಸಿದೆ. ಆ ಅಕ್ಷರಗಳ ಕೆಳಗೆ ರಬ್ಬರಿನಿಂದ ಉಜ್ಜಿದ ಗುರುತು ಇತ್ತು. ಕಾಗದದ ಮೇಲ್ಪದರ ಕಿತ್ತು ನೂಲೆದ್ದಿತ್ತು. ಅಲ್ಲಿ ಮೊದಲು ಬೇರೇನೋ ಬರೆದಿತ್ತು.

“ಮಗುವಿನ ಹೆಸರೇನು ಟೀಚರ್?”

ಅವರು ಬಾಯಿ ತೆರೆದರು, ಮುಚ್ಚಿದರು. ಸೀರೆಯ ಸೆರಗಿನಿಂದ ಲೇಬಲ್ಲನ್ನು ಸುಮ್ಮನೆ ಒರೆಸಿದರು. ಬಹಳ ಹೊತ್ತಿನ ಮೇಲೆ, “ಮೂವತ್ತೊಂದು ವರ್ಷ ಹಾಜರಿ ಕೂಗಿದವಳು ನಾನು. ಪುಸ್ತಕದಲ್ಲಿ ಇದ್ದಿದ್ದರೆ ಕಲಿತಿರುತ್ತಿದ್ದೆ” ಎಂದರು.

ಹೆಸರು ಎರಡೇ ಅಕ್ಷರದ್ದು ಎಂದು ಆಮೇಲೆ ಗೊತ್ತಾಯಿತು.

ನಾನು ಹೇಳಿದ್ದು ಇಷ್ಟು. ಹೋಳಿಗೆ ಬೇಡ, ಅಳು ಬೇಡ, ‘ಪ್ರೀತಿ’ ಎಂಬ ಪದವಂತೂ ಬೇಡವೇ ಬೇಡ. ತಾಯಿ ಸಿಕ್ಕಾಗ, “ಮಗುವನ್ನು ಚೀನಿ ಎಂದು ಕರೆದದ್ದು ನನ್ನ ತಪ್ಪು. ಅವಳ ಹೆಸರನ್ನು ಸರಿಯಾಗಿ ಹೇಳಿಕೊಡಿ” ಎನ್ನಿ. ಅವರು ಏನೂ ಅನ್ನದಿದ್ದರೂ ಕೆಳಗಿಳಿದು ಬನ್ನಿ. ಪಾಠದ ಮಾತು ಎತ್ತಬೇಡಿ.

ಇಬ್ಬರನ್ನೂ ಕೂರಿಸಿ ಮಾತನಾಡಿಸಬೇಕಿತ್ತು ಎನ್ನುವುದು ಸಹೋದ್ಯೋಗಿಯ ವಾದ. ಯಾರನ್ನು ಯಾರೆದುರು ಕೂರಿಸುವುದು? ಟೀಚರ್ ಮನೆಯ ಒಡತಿ, ಆಕೆ ಬಾಡಿಗೆದಾರಳು. ಮುಂಗಡ ಹಣ ಇವರ ಕೈಯಲ್ಲಿರುವಾಗ ಆಕೆ “ಪರವಾಗಿಲ್ಲ ಟೀಚರ್” ಎಂದು ನಗುತ್ತಿದ್ದರು, ನಾವು ರಾಜಿಯಾಯಿತೆಂದು ಬರೆದುಕೊಳ್ಳುತ್ತಿದ್ದೆವು. ನೋಯಿಸಿಕೊಂಡವರಿಂದಲೇ ನೋಯಿಸಿದವರ ಸಮಾಧಾನಕ್ಕೆ ದುಡಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ಒಂದು ಪದಕ್ಕೆ ಇಷ್ಟು ರಾದ್ಧಾಂತವೇ ಎಂದೂ ಕೇಳುತ್ತಾರೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ರೂಪವನ್ನು ಗೇಲಿ ಮಾಡಿದ್ದರಿಂದ ಶುರುವಾದ ಜಗಳ ಹಲ್ಲೆಗೆ ತಿರುಗಿತು; ಮರುದಿನ ಅವನು ಸತ್ತ. ಅದೇ ವರ್ಷ ಕೇಂದ್ರ ಸರ್ಕಾರ ನೇಮಿಸಿದ ಬೆಜಬರುವಾ ಸಮಿತಿ, ಈಶಾನ್ಯದವರನ್ನು ಹೀಗೆ ಜರೆಯುವುದಕ್ಕೆ ಕಾನೂನಿನಲ್ಲಿ ಶಿಕ್ಷೆ ಇರಬೇಕೆಂದು ಶಿಫಾರಸು ಮಾಡಿತು. ಟೀಚರ್ ಅಂಥವರ ಸಾಲಿಗೆ ಸೇರುವವರಲ್ಲ, ನಿಜ. ಆದರೆ ಬೀದಿಯ ಪುಂಡನಿಂದಲೂ ಅಕ್ಕರೆಯ ಅಜ್ಜಿಯಿಂದಲೂ ಆ ಮಗುವಿನ ಕಿವಿಗೆ ಬೀಳುವುದು ಒಂದೇ ಪದ.

ಟೀಚರ್ ನಾನು ಹೇಳಿದಂತೆಯೇ ಮಾಡಿದರು. ತಾಯಿ ಹೆಸರು ಹೇಳಿದರು, ಇವರ ಉಚ್ಚಾರಣೆಯನ್ನು ಎರಡು ಸಲ ತಿದ್ದಿದರು, ಒಳಗೆ ಹೋದರು. ನೋಟ್‌ಬುಕ್ಕಿಗೆ ಹೊಸ ಲೇಬಲ್ ಅಂಟಿಸಿ ಹೆಸರು ಬರೆದುಕೊಡಲೇ ಎಂದು ಟೀಚರ್ ನನಗೆ ಫೋನ್ ಮಾಡಿ ಕೇಳಿದರು. ಖಾಲಿ ಲೇಬಲ್ ಅಂಟಿಸಿಡಿ, ಮಗು ಬಂದರೆ ತಾನೇ ಬರೆದುಕೊಳ್ಳಲಿ ಎಂದೆ.

ಎರಡು ತಿಂಗಳಾಯಿತು. ಮಗು ಇನ್ನೂ ಕೆಳಗಿಳಿದು ಬಂದಿಲ್ಲ.