ಓದುಗರ ಪ್ರಶ್ನೆ: ಮೇಲಿನೂರವ್ರು ತೂಬು ಮುಚ್ಚಿದ್ರೆ ಕೆಳಗಿನೂರವ್ರು ಯಾರಿಗೆ ಹೇಳ್ಬೇಕು?

ಪ್ರಶ್ನೆ: ಸರ್, ನಮ್ದು ಭದ್ರಾ ಕಾಲುವೆ ಕೊನೆ ಭಾಗ. ಬೇಸಿಗೆ ಭತ್ತ ಹಾಕ್ದಾಗೆಲ್ಲ ಮೇಲಿನೂರವ್ರು ಕಾಲುವೆಗೇ ಪಂಪ್‌ಸೆಟ್ ಇಟ್ಟು ಎತ್ತಿಬಿಡ್ತಾರೆ, ನಮಗೆ ಬರೋದು ಕೆಸರು. ಒಂದೇ ತಾಲೂಕಲ್ಲೇ ಹಿಂಗಾದ್ರೆ ದೇಶ ದೇಶದ ಮಧ್ಯೆ ಕೇಳೋರು ಯಾರು? ಸಿಂಧೂ ಒಪ್ಪಂದ ಅಮಾನತು ಅಂತ 2025ರಲ್ಲಿ ಟಿವಿಲಿ ಬಂತಲ್ಲ, ನಲ್ಲಿ ತಿರುಗಿಸ್ದಂಗೆ ನೀರು ನಿಂತು ಹೋಗುತ್ತಾ? ಇದಕ್ಕೆ ಕಾನೂನು ಅಂತ ಏನಾದ್ರೂ ಐತಾ?
— ಓದುಗರೊಬ್ಬರು, ದಾವಣಗೆರೆ ತಾಲೂಕು

ಉತ್ತರ: ನಲ್ಲಿ ವಿಷಯ ಮೊದ್ಲು ಹೇಳ್ಬಿಡ್ತೀನಿ, ಹಂಗೆ ನಿಲ್ಲಲ್ಲ. 1960ರ ಸೆಪ್ಟೆಂಬರ್ 19ಕ್ಕೆ ಕರಾಚಿಯಲ್ಲಿ ನೆಹರು, ಅಯೂಬ್ ಖಾನ್ ಸಹಿ ಹಾಕಿದ ಒಪ್ಪಂದದಲ್ಲಿ ರಾವಿ, ಬಿಯಾಸ್, ಸಟ್ಲೆಜ್ ನಮಗೆ, ಸಿಂಧೂ, ಝೇಲಂ, ಚೆನಾಬ್ ಪಾಕಿಸ್ತಾನಕ್ಕೆ. ಈ ಪಾಕಿಸ್ತಾನದ ಪಾಲಿನ ಮೂರು ಹೊಳೇಲಿ ವರ್ಷಕ್ಕೆ ಹರಿಯೋದು ಸುಮಾರು 135 ಮಿಲಿಯನ್ ಎಕರೆ-ಅಡಿ, ನಮ್ಮ ಭಾಷೇಲಿ ಹೇಳ್ಬೇಕಂದ್ರೆ 5,800 ಟಿಎಂಸಿಗೂ ಜಾಸ್ತಿ. ನಿಮ್ಮ ಭದ್ರಾ ಡ್ಯಾಂ ತುಂಬಿದ್ರೆ 71.5 ಟಿಎಂಸಿ, ಅಂಥವು ಎಂಬತ್ತು ಬೇಕು ಆ ನೀರು ಹಿಡಿಯೋಕೆ! ಅದೇ ಮೂರು ಹೊಳೆ ಮೇಲೆ ನಾವು ಇಷ್ಟು ನೀರು ಕೂಡಿಟ್ಕೋಬಹುದು ಅಂತ ಒಪ್ಪಂದದಲ್ಲಿ ಇದ್ದಿದ್ದು 3.6 ಮಿಲಿಯನ್ ಎಕರೆ-ಅಡಿ, ಎರಡು ಭದ್ರಾಗಿಂತ ಸ್ವಲ್ಪ ಮೇಲೆ, ಅಷ್ಟನ್ನೂ ನಾವು ಕಟ್ಕೊಂಡಿಲ್ಲ. ಹಂಗಾಗಿ ಇವತ್ತಿನ ಕಟ್ಟಡಗಳಲ್ಲಿ ಕೆಲವು ದಿನ ತಡೆದು, ಬೇಡದ ಹೊತ್ತಲ್ಲಿ ಬಿಟ್ಟು, ಕೆಳಗಿನವರ ಲೆಕ್ಕ ತಪ್ಪಿಸಬಹುದು, ಮಳೆಗಾಲದ ಹೊಳೇನ ಹಿಡಿದು ನಿಲ್ಲಿಸೋಕಾಗಲ್ಲ.

ಇನ್ನು ಕಾನೂನು. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಅನ್ನೋರು ರಿಯೋ ಗ್ರಾಂಡೆ ಹೊಳೆ ಬಗ್ಗೆ, ನಮ್ಮ ನೆಲದಲ್ಲಿ ಇರೋವರೆಗೂ ನೀರು ನಮ್ದು, ಮೆಕ್ಸಿಕೋಗೆ ಬಿಡಬೇಕು ಅಂತ ಕಾನೂನೇನಿಲ್ಲ ಅಂತ ಹೇಳಿದ್ರು. ನಿಮ್ಮ ಮೇಲಿನೂರ ಪಂಪ್‌ಸೆಟ್ ವಾದಾನೇ ಅದು. ತಮಾಷೆ ಏನಂದ್ರೆ ಅದೇ ಅಮೆರಿಕ 1906ರಲ್ಲಿ ಮೆಕ್ಸಿಕೋಗೆ ವರ್ಷಕ್ಕೆ 60,000 ಎಕರೆ-ಅಡಿ ಕೊಡ್ತೀವಿ ಅಂತ ಸಹಿ ಹಾಕ್ತು, ಎರಡೂವರೆ ಟಿಎಂಸಿ ಚಿಲ್ಲರೆ. ಕೆನಡಾ ಕಡೆಯಿಂದ ಬರೋ ಹೊಳೆಗಳಲ್ಲಿ ಅಮೆರಿಕಾನೇ ಕೆಳಗಿನೂರು, ಇಲ್ಲಿ ಮಾಡಿದ ವಾದ ಅಲ್ಲಿ ಕುತ್ತಿಗೆಗೆ ಬರುತ್ತೆ.

ಈಗ ಬಳಕೆಲಿರೋ ಕಾನೂನು 1997ರ ವಿಶ್ವಸಂಸ್ಥೆ ಒಪ್ಪಂದದಲ್ಲಿ ಐತೆ. ನೀರನ್ನ ನ್ಯಾಯವಾಗಿ, ವಿವೇಚನೆಯಿಂದ ಬಳಸಬೇಕು, ಪಕ್ಕದ ದೇಶಕ್ಕೆ ದೊಡ್ಡ ಹಾನಿ ಮಾಡಬಾರದು, ಹೊಸ ಡ್ಯಾಂ ಕಟ್ಟೋಕೆ ಮುಂಚೆ ತಿಳಿಸಬೇಕು, ತಿಳಿಸಿ ಉತ್ತರಕ್ಕೆ ಆರು ತಿಂಗಳು ಟೈಮ್ ಕೊಡಬೇಕು. ಮತದಾನದಲ್ಲಿ 103 ದೇಶ ಹೌದು ಅಂದ್ವು, ಬೇಡ ಅಂದಿದ್ದು ಮೂರೇ, ಚೀನಾ, ಟರ್ಕಿ, ಬುರುಂಡಿ. ಭಾರತ, ಪಾಕಿಸ್ತಾನ ಎರಡೂ ಸುಮ್ನೆ ಕೂತ್ವು! ಜಾರಿಗೆ ಬಂದಿದ್ದು 2014ರ ಆಗಸ್ಟ್‌ನಲ್ಲಿ, ಅದೂ ಒಪ್ಕೊಂಡವರಿಗೆ.

ಕೋರ್ಟಿಗೆ ಹೋದ್ರೂ ಏನಾಗುತ್ತೆ ನೋಡಿ. ಡ್ಯಾನ್ಯೂಬ್ ಹೊಳೆ ಡ್ಯಾಂ ಕೆಲಸಾನ ಹಂಗೇರಿ ಅರ್ಧಕ್ಕೆ ಬಿಟ್ಟು ಎದ್ದೋಯ್ತು, ಚೆಕೊಸ್ಲೊವಾಕಿಯಾ ಸಿಟ್ಟಿಗೆ ಹೊಳೇನೇ ತಿರುಗಿಸ್ತು. 1997ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಇಬ್ರದ್ದೂ ತಪ್ಪು, ಹಳೇ ಒಪ್ಪಂದ ಇನ್ನೂ ಜೀವಂತ ಐತೆ, ಹೋಗಿ ಕೂತು ಮಾತಾಡ್ಕಳಿ ಅಂತ ಕಳಿಸ್ತು. ಕಟ್ಟೆ ಪಂಚಾಯ್ತಿ ತೀರ್ಮಾನದ ಥರಾನೇ. ಸಿಂಧೂ ವಿಷಯದಲ್ಲೂ ಒಬ್ರೇ ಬಿಟ್ಟು ಹೋಗೋ ಅವಕಾಶ ಒಪ್ಪಂದದಲ್ಲಿ ಬರೆದಿಲ್ಲ, ಇಬ್ರೂ ಒಪ್ಪಿ ಹೊಸ ಒಪ್ಪಂದ ಮಾಡ್ಕೊಳ್ಳೋವರೆಗೂ ಇದೇ ನಡೀಬೇಕು ಅಂತ ಐತೆ, ಪಾಕಿಸ್ತಾನ ಹಿಡ್ಕೊಂಡಿರೋದು ಅದನ್ನೇ. ಪಹಲ್ಗಾಮ್ ದಾಳಿ ಆದ್ಮೇಲೆ ಭಯೋತ್ಪಾದನೆ ನಿಲ್ಲಿಸೋವರೆಗೂ ಅಮಾನತು ಅಂತ ನಮ್ಮ ಸರ್ಕಾರ. ನಮ್ಮ ಜಲವಿದ್ಯುತ್ ಯೋಜನೆಗಳ ಮೇಲೆ ಪಾಕಿಸ್ತಾನ ಮೊದ್ಲೇ ಹಾಕಿದ್ದ ಕೇಸು ಕೇಳ್ತಿದ್ದ ಮಧ್ಯಸ್ಥಿಕೆ ನ್ಯಾಯಾಲಯ 2025ರ ಜೂನ್‌ನಲ್ಲಿ, ನೀವು ಅಮಾನತು ಅಂದ ಮಾತ್ರಕ್ಕೆ ಕೇಸು ಕೇಳೋ ನಮ್ಮ ಅಧಿಕಾರ ಹೋಗಲ್ಲ ಅಂತು, ಆ ನ್ಯಾಯಾಲಯಾನೇ ನಾವು ಒಪ್ಪಲ್ಲ ಅಂತ ಭಾರತ ಅಂತು.

ನನ್ನ ಕೇಳಿದ್ರೆ ಅಮಾನತಿನಲ್ಲಿ ಪಾಕಿಸ್ತಾನಕ್ಕೆ ತಕ್ಷಣ ತಟ್ಟೋದು ನೀರಿಗಿಂತ ಲೆಕ್ಕ. ಎಲ್ಲಿ ಎಷ್ಟು ಹರೀತು, ಎಷ್ಟು ಬಿಟ್ರು ಅನ್ನೋ ದಿನದ ಅಂಕಿ ಒಬ್ರಿಗೊಬ್ರು ಕೊಡೋ ಏರ್ಪಾಡು ಆ ಒಪ್ಪಂದದೊಳಗೇ ಇತ್ತು, ಯುದ್ಧ ಆದ್ರೂ ಒಪ್ಪಂದ ಉಳಿದಿತ್ತು. ನಮ್ಮ ಸೋದರಮಾವಂದೂ ಕೊನೆ ಭಾಗದ ಗದ್ದೆ, ಚಿಕ್ಕೋನಿದ್ದಾಗ ರಾತ್ರಿ ಬ್ಯಾಟ್ರಿ ಹಿಡ್ಕೊಂಡು ಅವರ ಜೊತೆ ತೂಬಿನ ಹತ್ರ ಹೋಗ್ತಿದ್ದೆ, ಅಲ್ಲಿ ಗೋಡೆ ಮೇಲೆ ಬಿಳಿ ಬಣ್ಣದಲ್ಲಿ ಅಡಿ ಗುರುತು, ಅರ್ಧ ಪಾಚಿ ಹಿಡಿದಿರೋದು, ಮಾವ ಟವೆಲ್‌ನಲ್ಲಿ ಒರೆಸಿ ಮೇಲಿನೂರ ಒಬ್ಬರನ್ನೂ ಕರೆದು ನೋಡಪ್ಪಾ ನೀನೇ ಓದು ಅಂತಿದ್ರು. ನೀರಗಂಟಿ ಬಾಯಲ್ಲಿ ಹೇಳಿದ್ರೆ ಜಗಳ, ಇಬ್ರೂ ನಿಂತು ಓದಿದ್ರೆ ಆ ರಾತ್ರಿ ಮಟ್ಟಿಗೆ ಜಗಳ ಇರ್ತಿರಲಿಲ್ಲ. ನೀವೂ ಕೊನೆ ಭಾಗದವರೆಲ್ಲ ಸೇರಿ ದಿನಾ ಅಡಿ ಮಟ್ಟದ ಫೋಟೋ ತೆಗೆದು ಇಟ್ಕಳಿ, ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಲಿ ಕೂಗಾಡೋದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತೆ.

ಪ್ರಶ್ನೆ: ದೇವೇಗೌಡ್ರು ಪ್ರಧಾನಿ ಆಗಿದ್ದಾಗ ಬಾಂಗ್ಲಾದೇಶದ ಜೊತೆ ಗಂಗಾ ಒಪ್ಪಂದ ಆಯ್ತಂತೆ, ಅದ್ರಲ್ಲಿ ಹಂಚಿಕೆ ಹೆಂಗೆ?
— ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಹೌದಮ್ಮ, 1996ರ ಡಿಸೆಂಬರ್ 12ಕ್ಕೆ ದೇವೇಗೌಡ್ರು, ಶೇಖ್ ಹಸೀನಾ ಸಹಿ ಹಾಕಿದ್ದು, 30 ವರ್ಷದ ಅವಧಿ. ಜನವರಿಯಿಂದ ಮೇ ಕೊನೆವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್ ಹತ್ರ ಹತ್ತತ್ತು ದಿನಕ್ಕೆ ಅಳೀತಾರೆ. 70,000 ಕ್ಯೂಸೆಕ್ ಅಥವಾ ಕಮ್ಮಿ ಇದ್ರೆ ಅರ್ಧ ಅರ್ಧ. 70ರಿಂದ 75 ಸಾವಿರ ಇದ್ರೆ ಬಾಂಗ್ಲಾಕ್ಕೆ 35 ಸಾವಿರ, ಮಿಕ್ಕಿದ್ದು ನಮಗೆ. ಅದಕ್ಕೂ ಮೇಲಿದ್ರೆ ನಮಗೆ 40 ಸಾವಿರ, ಮಿಕ್ಕಿದ್ದು ಅವರಿಗೆ. ನನಗೆ ಇಷ್ಟ ಆಗೋದು ಮಾರ್ಚ್ 11ರಿಂದ ಮೇ 10ರ ಕಟ್ಟು, ಬಿಸಿಲು ಜೋರಿರೋ ಆ ಎರಡು ತಿಂಗಳು ಹತ್ತು ದಿನ ಒಬ್ರಿಗೆ 35 ಸಾವಿರ ಗ್ಯಾರಂಟಿ, ಮುಂದಿನ ಹತ್ತು ದಿನ ಇನ್ನೊಬ್ರಿಗೆ. ಕಾಲುವೆ ಸರದಿ ನೋಡಿ ಬೆಳೆದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ತೀಸ್ತಾ ಹೊಳೆಗೆ ಮಾತ್ರ ಇಂಥದ್ದೊಂದು ಮಾಡೋಕೆ 2011ರಲ್ಲಿ ಹೊರಟು, ಪಶ್ಚಿಮ ಬಂಗಾಳ ಒಪ್ಪದೆ ನಿಂತೋಯ್ತು.

ಪ್ರಶ್ನೆ: ಕಾವೇರಿ ಜಗಳಾನ ಹೇಗ್ ಕೋರ್ಟಿಗೆ ಒಯ್ಯಬಹುದಲ್ವಾ?
— ಓದುಗರು, ಹಿರಿಯೂರು

ಉತ್ತರ: ಆಗಲ್ಲ, ಅಲ್ಲಿ ದೇಶಗಳು ಮಾತ್ರ ಹೋಗಬಹುದು. ರಾಜ್ಯಗಳಿಗೆ 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, ನ್ಯಾಯಮಂಡಳಿ. ಆದ್ರೆ ದೇಶ ದೇಶಕ್ಕೆ ಅಂತ 1966ರಲ್ಲಿ ಬರೆದ ಹೆಲ್ಸಿಂಕಿ ನಿಯಮಗಳನ್ನ ಸುಪ್ರೀಂ ಕೋರ್ಟ್ 2018ರ ಕಾವೇರಿ ತೀರ್ಪಿನಲ್ಲಿ ಮುಂದಿಟ್ಕೊಂಡೇ ನಮಗೆ 14.75 ಟಿಎಂಸಿ ಜಾಸ್ತಿ ಕೊಡ್ತು. ನೀವು ಹಿರಿಯೂರಿನವರು ಅಂತ ಇನ್ನೊಂದು ಹೇಳ್ತೀನಿ. ಮೈಸೂರು, ಮದ್ರಾಸ್ ಮಾಡ್ಕೊಂಡ 1892ರ ಒಪ್ಪಂದದ ಹೊಳೆಗಳ ಪಟ್ಟಿಯಲ್ಲಿ ಕಾವೇರಿ ಜೊತೆ ನಿಮ್ಮ ವೇದಾವತಿನೂ ಐತೆ, ಹೊಸ ನೀರಾವರಿ ಕೆಲಸಕ್ಕೆ ಕೈ ಹಾಕೋ ಮುಂಚೆ ಮೈಸೂರು ಮದ್ರಾಸಿಗೆ ಪೂರ್ತಿ ಮಾಹಿತಿ ಕೊಟ್ಟು ಒಪ್ಪಿಗೆ ತಗೋಬೇಕಿತ್ತು. ಮೊದ್ಲೇ ತಿಳಿಸು ಅಂತ ವಿಶ್ವಸಂಸ್ಥೆ ಹೇಳೋಕೆ 105 ವರ್ಷ ಮುಂಚೆನೇ ಅದು ನಿಮ್ಮೂರ ಹೊಳೆಗೆ ಬಂದಿತ್ತು, ಆಗ ನಾವು ಮೇಲಿನೂರವ್ರು, ನಮಗೆ ಅದು ಸಿಕ್ಕಾಪಟ್ಟೆ ಕಹಿ ಆಗಿತ್ತು.